ಬೆಕ್ಕಿನ ಕೂದಲು ಉದುರಿದರೆ ಬೆಕ್ಕನ್ನೇ ಹೊರಹಾಕಬೇಕೆ?

ಕಳೆದ ಮಳೆಗಾಲದ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ತ್ಯಾಮಗೊಂಡ್ಲುವಿನ ನನ್ನ ದವಾಖಾನೆಗೆ ಬಂದಾಗ ಬಾಗಿಲಲ್ಲೇ ಒಂದು ಕುಟುಂಬ ಕಾದು ಕುಳಿತಿತ್ತು. ತಾಯಿ, ಆರು ವರ್ಷದ ಮಗಳು, ಜೊತೆಗೆ ಅಜ್ಜಿ. ಮಗುವಿನ ಮುಂಗೈ ಮೇಲೆ ನಾಣ್ಯದಗಲದ ಎರಡು ಕೆಂಪು ಉಂಗುರಗಳಿದ್ದವು. ಅಂಚು ಉಬ್ಬಿತ್ತು, ನಡುವೆ ಚರ್ಮ ತಿಳಿಯಾಗಿತ್ತು. ನೋಡಿದ ಕೂಡಲೇ ಗೊತ್ತಾಗುವ ಹುಳುಕಡ್ಡಿ. ನಮ್ಮ ಮನೆಮಾತಿನಲ್ಲಿ ದಾದ್.

"ಹಕೀಮ್ ಸಾಬ್, ಮನೆಯ ಬೆಕ್ಕಿಗೂ ಸೊಂಟದ ಹತ್ತಿರ ಕೂದಲೆಲ್ಲ ಹೋಗಿ ಬೋಳಾಗಿದೆ. ಅದರಿಂದಲೇ ಮಗುವಿಗೆ ಹತ್ತಿದ್ದು. ನಾಳೆ ಬೆಳಿಗ್ಗೆ ಇವರಪ್ಪ ಅದನ್ನು ಚೀಲಕ್ಕೆ ಹಾಕಿ ಹೈವೇ ಆಚೆ ಬಿಟ್ಟು ಬರುತ್ತಾರಂತೆ" ಎಂದರು ತಾಯಿ. ಅಜ್ಜಿಗೆ ಸಿಟ್ಟು ಬಂತು. "ಬಿಲ್ಲಿ ಪಾಕ್ ಜಾನುವಾರು ಬೇಟಿ, ಅದರಿಂದ ರೋಗ ಬರುವುದಿಲ್ಲ. ಬಿಟ್ಟು ಬಂದರೆ ಗುನಾಹ್ ಆಗುತ್ತದೆ" ಎಂದರು.

ಇಂತಹ ಜಗಳ ನನ್ನ ಮುಂದೆ ನಡೆದದ್ದು ಅದೇ ಮೊದಲಲ್ಲ. ನಮ್ಮ ಮನೆಗಳಲ್ಲಿ ಬೆಕ್ಕು ಹೆಚ್ಚು. ಬೆಕ್ಕಿನ ಕೂದಲು ಉದುರತೊಡಗಿದ ಕೂಡಲೇ ಮನೆಯವರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷ ಬೆಕ್ಕನ್ನು ಹೊರಹಾಕಲು ಹೊರಡುತ್ತದೆ. ಇನ್ನೊಂದು ಪಕ್ಷ ಅದನ್ನು ಮಗುವಿನ ರಜಾಯಿಯೊಳಗೇ ಮಲಗಿಸಿಕೊಳ್ಳುತ್ತದೆ. ಇಬ್ಬರೂ ತಪ್ಪು ಮಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಪಾಕ್ ಎಂದರೆ ರೋಗವಿಲ್ಲ ಎಂದಲ್ಲ

ಮೊದಲು ಅಜ್ಜಿಯ ಮಾತು. ಅಬೂ ಕತಾದ(ರ) ಅವರಿಗಾಗಿ ಸೊಸೆ ಕಬ್ಶಾ(ರ) ವುಝೂವಿನ ನೀರು ತಂದಿಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನು ಬೆಕ್ಕಿನ ಕಡೆಗೆ ವಾಲಿಸಿಕೊಟ್ಟರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ನಿಮ್ಮ ನಡುವೆಯೇ ಓಡಾಡಿಕೊಂಡಿರುವ ಜೀವಿ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದ್ದನ್ನು ತಿಳಿಸಿದರು. ಅಬೂದಾವೂದ್, ತಿರ್ಮಿದಿಗಳಲ್ಲಿರುವ ಈ ಹದೀಸ್ ನಮ್ಮಲ್ಲಿ ಅನೇಕರಿಗೆ ಗೊತ್ತು.

ಆದರೆ ತಹಾರತ್ ಬೇರೆ, ತಂದುರುಸ್ತಿ ಬೇರೆ. ಮನುಷ್ಯನೂ ಪಾಕ್. ಹಾಗೆಂದು ಕ್ಷಯರೋಗಿ ಮಗುವಿನ ಮುಖದ ಮೇಲೆ ಕೆಮ್ಮಬಹುದೇ? ಅವನ ಎಂಜಲು ನಜಸ್ ಅಲ್ಲ, ಆದರೂ ಅವನು ಬಾಯಿಗೆ ಬಟ್ಟೆ ಹಿಡಿಯಬೇಕು, ಔಷಧಿ ನುಂಗಬೇಕು. ಬೆಕ್ಕಿನದೂ ಹಾಗೆಯೇ. ಅದು ಬಾಯಿ ಹಾಕಿದ ನೀರಿನ ಹುಕುಂ ಏನು, ಬಟ್ಟೆಗೆ ಅಂಟಿದ ಅದರ ಕೂದಲಿನ ಮಸ್‌ಅಲಾ ಏನು ಎಂಬುದನ್ನು ನಿಮ್ಮ ನಿಮ್ಮ ಮದ್‌ಹಬಿನ ಉಲಮಾಗಳಲ್ಲಿ ಕೇಳಿ. ಅದರ ಚರ್ಮದಲ್ಲಿ ಬೂಷ್ಟು ಹತ್ತಿದೆಯೇ, ಚಿಗಟ ತುಂಬಿದೆಯೇ ಎಂಬುದು ಮಾತ್ರ ವೈದ್ಯರು ನೋಡಬೇಕಾದ ವಿಷಯ.

ಇನ್ನು ತಂದೆಯ ಮಾತು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲು ಕೊಡದೆ, ತಾನಾಗಿ ಬೇಟೆಯಾಡಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಗೆ ಶಿಕ್ಷೆಯಾಯಿತೆಂಬ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಅನ್ನ ಹಾಕಿ ಸಾಕಿದ ಬೆಕ್ಕನ್ನು ಕಾಯಿಲೆ ಬಿದ್ದಾಗಲೇ ಚೀಲದಲ್ಲಿ ಕಟ್ಟಿ ತುಮಕೂರು ರಸ್ತೆಯ ಲಾರಿಗಳ ನಡುವೆ ಬಿಟ್ಟು ಬರುವುದು ಆ ಸ್ತ್ರೀಯ ಕೆಲಸದಿಂದ ಎಷ್ಟು ದೂರ? ಇದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿಗೇ ಕೇಳಿಕೊಳ್ಳಲಿ.

ಉದುರುತ್ತಿದೆಯೋ, ನೆಕ್ಕಿ ಕೀಳುತ್ತಿದೆಯೋ?

ಬೆಕ್ಕು ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ಅದರ ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅವೂ ಅದರಿಂದಲೇ ಆಗಿವೆ. ಕೂದಲು ಬಾಚಿ, ಧೂಳು ತೆಗೆದು, ಎಂಜಲಿನಿಂದ ಮೈ ತಂಪು ಮಾಡಿಕೊಳ್ಳುವ ಬಾಚಣಿಗೆ ಅದು. ಒಂದೇ ಜಾಗದಲ್ಲಿ ಮಿತಿ ಮೀರಿ ಆಡಿಸಿದರೆ ಅದೇ ಬಾಚಣಿಗೆ ಕೂದಲನ್ನು ಬುಡದಲ್ಲೇ ಮುರಿದುಹಾಕುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಕೂದಲು ತಾನಾಗಿ ಉದುರುತ್ತಿದೆಯೋ, ಬೆಕ್ಕೇ ನೆಕ್ಕಿ ಕೀಳುತ್ತಿದೆಯೋ? ಬೋಳಾದ ಜಾಗದ ಮೇಲೆ ಬೆರಳನ್ನು ಹಿಂದು ಮುಂದಾಗಿ ಆಡಿಸಿ ನೋಡಿ. ಕ್ಷೌರ ಮಾಡಿದ ಗಡ್ಡದಂತೆ ಮೊಂಡು ಕೂದಲು ಚುಚ್ಚಿದರೆ ನೆಕ್ಕಿ ಮುರಿದಿರುವ ಸಾಧ್ಯತೆ ಹೆಚ್ಚು. ಪಶುವೈದ್ಯರು ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ತುದಿ ಚೂಪಾಗಿದ್ದರೆ ತಾನಾಗಿ ಉದುರಿದ್ದು, ತುದಿ ಮುರಿದಿದ್ದರೆ ನೆಕ್ಕಿದ್ದು. "ನಮ್ಮ ಬೆಕ್ಕು ನೆಕ್ಕುವುದನ್ನು ನಾವು ನೋಡೇ ಇಲ್ಲ" ಎನ್ನಬೇಡಿ. ಬಹಳ ಬೆಕ್ಕುಗಳು ಈ ಕೆಲಸವನ್ನು ಮಂಚದ ಕೆಳಗೆ, ಅಟ್ಟದ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ ಮಾಡುತ್ತವೆ. ಪದೇ ಪದೇ ಕೂದಲುಂಡೆ ವಾಂತಿ ಮಾಡುವುದು, ಮಲದಲ್ಲಿ ಕೂದಲು ಕಾಣುವುದು ಅದರ ಗುರುತು.

ಎಲ್ಲ ಬೋಳೂ ರೋಗವಲ್ಲ. ಕಣ್ಣಿಗೂ ಕಿವಿಗೂ ನಡುವೆ ಕೂದಲು ತೆಳ್ಳಗಿರುವುದು ಸಹಜ. ಮರಿಗೆ ಹಾಲೂಡುವ ತಾಯಿಯ ಹೊಟ್ಟೆಯ ಕೂದಲು ತೆಳ್ಳಗಾಗುವುದೂ ಸಹಜ.

ಸಾಮಾನ್ಯ ಕಾರಣಗಳು

ನಮ್ಮ ಕಡೆಯ ಹವೆಯಲ್ಲಿ ಮೊದಲು ಸಂಶಯಪಡಬೇಕಾದದ್ದು ಚಿಗಟ. ಕೆಲವು ಬೆಕ್ಕುಗಳಿಗೆ ಚಿಗಟದ ಎಂಜಲು ಒಗ್ಗುವುದಿಲ್ಲ. ಅಂತಹ ಬೆಕ್ಕಿಗೆ ಒಂದೆರಡು ಕಡಿತ ಸಾಕು, ಮೈಯೆಲ್ಲ ತುರಿಕೆ ಶುರುವಾಗುತ್ತದೆ. ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ, ಹೊಟ್ಟೆ ಬೋಳಾಗುತ್ತವೆ. "ಹುಡುಕಿದೆವು, ಒಂದು ಚಿಗಟವೂ ಸಿಗಲಿಲ್ಲ" ಎನ್ನುತ್ತಾರೆ. ಸಿಗುವುದು ಹೇಗೆ? ನೆಕ್ಕುವ ಬೆಕ್ಕು ಚಿಗಟವನ್ನೂ ನುಂಗಿರುತ್ತದೆ. ಬಾಚಣಿಗೆಯಿಂದ ಬಾಚಿ, ಉದುರುವ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ.

ಚಿಗಟದ ಮೊಟ್ಟೆ, ಮರಿ, ಗೂಡುಗಳಲ್ಲಿ ಹೆಚ್ಚಿನವು ಬೆಕ್ಕಿನ ಮೈಮೇಲೆ ಇರುವುದಿಲ್ಲ. ಅವು ಜಮಖಾನದ ಅಡಿ, ಗೋಣಿಚೀಲದ ಸಂದಿ, ಹಾಸಿಗೆಯ ಧೂಳಿನಲ್ಲಿರುತ್ತವೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಬೆಕ್ಕಿಗೆ ಮಾತ್ರ ಮದ್ದು ಹಾಕಿ ಮನೆಯನ್ನು ಹಾಗೇ ಬಿಟ್ಟರೆ ಮತ್ತೆ ಬರುವುದು ಅದಕ್ಕೇ.

ಎರಡನೆಯದು ಹುಳುಕಡ್ಡಿ. ಹೆಸರಿನಲ್ಲಿ ಹುಳು ಇದೆ, ರೋಗದಲ್ಲಿ ಹುಳುವಿಲ್ಲ. ಅದೊಂದು ಬೂಷ್ಟು. ಬೆಕ್ಕಿಗೆ ಹೆಚ್ಚಾಗಿ ಹತ್ತುವ ಜಾತಿಯ ಹೆಸರು ಮೈಕ್ರೋಸ್ಪೋರಮ್ ಕ್ಯಾನಿಸ್. ಮುಖ, ಕಿವಿ, ಮುಂಗಾಲುಗಳಲ್ಲಿ ಹೊಟ್ಟೆದ್ದು ಬಿಲ್ಲೆ ಬಿಲ್ಲೆಯಾಗಿ ಕೂದಲು ಮುರಿಯುತ್ತದೆ. ತುರಿಕೆ ಇರಬಹುದು, ಇಲ್ಲದೆಯೂ ಇರಬಹುದು. ಮರಿಗಳಿಗೆ ಮತ್ತು ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಿಗೆ ಇದು ಹೆಚ್ಚು. ಈಗ ಮಕ್ಕಳ ಹಟಕ್ಕೆ ಮಣಿದು ಬೆಂಗಳೂರಿನಿಂದ ಪರ್ಷಿಯನ್ ಮರಿ ತರುವ ಮನೆಗಳು ನಮ್ಮ ಊರಿನಲ್ಲೂ ಇವೆ. ಕೆಲವು ಬೆಕ್ಕುಗಳು ತಮಗೇನೂ ಆಗದೆ ಬೂಷ್ಟನ್ನು ಮಾತ್ರ ಹೊತ್ತು ತರುತ್ತವೆ. ಮರಿ ತಂದ ದಿನವೇ ಮಗುವಿನ ಮಡಿಲಿಗೆ ಹಾಕಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ. ಈ ಬೂಷ್ಟು ಬೆಕ್ಕಿನಿಂದ ಮಕ್ಕಳಿಗೆ ಹರಡುವುದು ನಿಜ. ಉದುರಿದ ಕೂದಲಿನಲ್ಲಿ ಅದು ಒಂದು ವರ್ಷಕ್ಕಿಂತ ಹೆಚ್ಚು ಕಾಲವೂ ಬದುಕಬಲ್ಲದು.

ಮೂರನೆಯದು ಕಜ್ಜಿ. ಕಣ್ಣಿಗೆ ಕಾಣದ ನುಸಿ ಚರ್ಮ ಕೊರೆಯುತ್ತದೆ. ಕಿವಿಯ ಅಂಚಿನಲ್ಲಿ ದಪ್ಪ ಹಕ್ಕಳೆ ಶುರುವಾಗಿ ತಲೆ, ಕತ್ತಿಗೆ ಇಳಿಯುತ್ತದೆ. ಇದು ಬೆಕ್ಕಿನಿಂದ ಬೆಕ್ಕಿಗೆ ಬೇಗ ಹರಡುತ್ತದೆ. ಎತ್ತಿಕೊಂಡವರ ಕೈಗೂ ಕೆಲವು ದಿನ ತುರಿಕೆ ತರಬಹುದು.

ಇವಲ್ಲದೆ ಆಹಾರ ಒಗ್ಗದಿರುವುದು, ಧೂಳು ಒಗ್ಗದಿರುವುದು, ಮುದಿ ಬೆಕ್ಕಿನಲ್ಲಿ ಥೈರಾಯ್ಡ್ ಹೆಚ್ಚುವುದು ಕಾರಣವಾಗಬಹುದು. ನೋವೂ ಒಂದು ಕಾರಣ. ಮೂತ್ರಕೋಶದಲ್ಲಿ ಉರಿ ಇರುವ ಬೆಕ್ಕು ಕೆಳಹೊಟ್ಟೆಯನ್ನು, ಕೀಲುನೋವಿನ ಮುದಿ ಬೆಕ್ಕು ನೋಯುವ ಕೀಲನ್ನು ನೆಕ್ಕುತ್ತಲೇ ಇರುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಮುಕ್ಕರಿದರೂ ಮೂತ್ರ ಬರುತ್ತಿಲ್ಲವೆಂದರೆ ಮರುದಿನಕ್ಕೆ ಕಾಯಬೇಡಿ, ಪ್ರಾಣ ಹೋಗುತ್ತದೆ.

"ಅದಕ್ಕೆ ಬೇಜಾರು" ಎಂಬ ಮಾತು

ಮಗಳ ನಿಕಾಹ್ ಆಗಿ ಅವಳು ಗಂಡನ ಮನೆಗೆ ಹೋದ ಮೇಲೆ ಬೆಕ್ಕು ಮೈ ನೆಕ್ಕಿ ಬೋಳು ಮಾಡಿಕೊಂಡಿತು ಎಂದು ಒಬ್ಬ ತಾಯಿ ಹೇಳಿದ್ದರು. ಹಾಗಾಗುವುದುಂಟು. ಮನೆ ಬದಲಾದರೆ, ಹೊಸ ಮಗು ಅಥವಾ ಹೊಸ ಬೆಕ್ಕು ಬಂದರೆ, ಮದುವೆಯ ಗದ್ದಲವಾದರೆ ಕೆಲವು ಬೆಕ್ಕುಗಳು ನೆಕ್ಕುವುದರಲ್ಲೇ ನೆಮ್ಮದಿ ಹುಡುಕುತ್ತವೆ. ಆದರೆ ಇದನ್ನು ಮೊದಲ ಕಾರಣವಾಗಿ ಹೇಳಬಾರದು, ಉಳಿದೆಲ್ಲವನ್ನೂ ನೋಡಿದ ಮೇಲೆ ಕೊನೆಗೆ ಹೇಳಬೇಕು. 2006ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೋಕಾರಣದಿಂದ ಕೂದಲು ಕಳೆದುಕೊಂಡಿವೆ ಎಂದು ಭಾವಿಸಿದ್ದ 21 ಬೆಕ್ಕುಗಳನ್ನು ಪೂರ್ತಿಯಾಗಿ ಪರೀಕ್ಷಿಸಲಾಯಿತು. 16ಕ್ಕೆ ದೇಹದ ರೋಗವೇ ಕಾರಣವಾಗಿತ್ತು. 3ಕ್ಕೆ ರೋಗ ಮತ್ತು ಮನಸ್ಸು ಎರಡೂ ಸೇರಿದ್ದವು. ಬರೀ ಮನಸ್ಸಿನ ಕಾರಣವಿದ್ದದ್ದು 2 ಬೆಕ್ಕುಗಳಿಗೆ ಮಾತ್ರ. "ಬೇಜಾರು" ಎಂದು ನಾವು ಸುಮ್ಮನಾದರೆ ಆ ಮೂಕಪ್ರಾಣಿ ತುರಿಕೆಯನ್ನೂ ನೋವನ್ನೂ ತಾನೊಂದೇ ಅನುಭವಿಸಬೇಕಾಗುತ್ತದೆ.

ನಾನು ಮಾಡಿದ ತಪ್ಪು

ನಮ್ಮ ತಿಬ್ಬಿನಲ್ಲಿ ಮನುಷ್ಯರ ತಲೆಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರುವುದಕ್ಕೆ ದಾಉಸ್ಸಅಲಬ್ ಎನ್ನುತ್ತೇವೆ. ಹಾಗೆಂದರೆ ನರಿಯ ರೋಗ. ಇಂದಿನ ವೈದ್ಯರು ಹೇಳುವ ಅಲೊಪೇಶಿಯ ಎಂಬ ಪದವೂ ನರಿ ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದದ್ದು. ಕಜ್ಜಿ ಹತ್ತಿದ ನರಿಯ ಮೈಯನ್ನು ನೋಡಿ ಇಟ್ಟ ಹೆಸರು. ಪ್ರಾಣಿಯ ಹೆಸರನ್ನು ಮನುಷ್ಯನ ರೋಗಕ್ಕೆ ಕೊಟ್ಟ ನಮ್ಮ ಹಿರಿಯರು ಪ್ರಾಣಿಯ ಚಿಕಿತ್ಸೆಯನ್ನು ಮಾತ್ರ ಬೇರೆ ಇಲ್ಮ್ ಆಗಿ ಇಟ್ಟರು. ಅದನ್ನು ಬಲ್ಲವನು ಬೈತಾರ್. ಅಂದಲುಸಿನ ಮಾಲಗಾದವರಾಗಿ 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ, ಸುಮಾರು 1400 ಔಷಧ ದ್ರವ್ಯಗಳನ್ನು ವಿವರಿಸಿದ ಇಬ್ನುಲ್ ಬೈತಾರ್ ಅವರ ಹೆಸರಿನ ಅರ್ಥವೇ ಪಶುವೈದ್ಯನ ಮಗ ಎಂದು.

ಈ ಗೆರೆಯನ್ನು ನಾನು ಒಮ್ಮೆ ಮರೆತೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದು ಬೆಕ್ಕಿಗೆ ಖುಜ್ಲಿ, ಏನಾದರೂ ಕೊಡಿ ಎಂದು ಅಂಗಲಾಚಿದ. ಜನರಿಗೆ ಕೊಡುವ ಕಾಫೂರ್, ಅಂದರೆ ಕರ್ಪೂರ ಬೆರೆತ ಮಲಾಮನ್ನೇ ಸ್ವಲ್ಪ ಕೊಟ್ಟು ಕಳುಹಿಸಿದೆ. ಬೆಕ್ಕು ಅದನ್ನೆಲ್ಲ ನೆಕ್ಕಿತು. ರಾತ್ರಿಯ ಹೊತ್ತಿಗೆ ಜೊಲ್ಲು ಸುರಿಸಿ, ನಡುಗುತ್ತ ಮಂಚದ ಕೆಳಗೆ ಬಿದ್ದಿತ್ತು. ನೆಲಮಂಗಲಕ್ಕೆ ಕೊಂಡೊಯ್ದು ಪಶುವೈದ್ಯರಿಂದ ಚಿಕಿತ್ಸೆ ಕೊಡಿಸಿದ್ದರಿಂದ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆ ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ. ನಮ್ಮ ಪಿತ್ತಜನಕಾಂಗ ಕರಗಿಸಿ ಹೊರಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಪಿತ್ತಜನಕಾಂಗ ಕರಗಿಸಲಾರದು. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಕರ್ಪೂರ, ಬೇವಿನ ಎಣ್ಣೆ, ಸೀಮೆಎಣ್ಣೆ, ಗಾಡಿಯ ಸುಟ್ಟ ಆಯಿಲ್, ಫಿನಾಯಿಲ್, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ನಂಜುನಿವಾರಕ, ಇವು ಯಾವುದನ್ನೂ ಬೆಕ್ಕಿಗೆ ಹಚ್ಚಬೇಡಿ. ನಾಯಿಯ ಚಿಗಟಕ್ಕೆ ಮಾರುವ, ಮನುಷ್ಯರ ಕಜ್ಜಿಗೆ ಕೊಡುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಡುಕ, ಫಿಟ್ಸ್ ಬಂದು ಸಾಯಬಹುದು. ಪ್ಯಾರಾಸಿಟಮಾಲ್ ಒಂದೇ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ನಮ್ಮ ಹಕೀಮ್ ಬಾಂಧವರಲ್ಲೂ ನನ್ನ ವಿನಂತಿ ಇಷ್ಟೇ: ಪ್ರಾಣಿಗೆ ಮದ್ದು ಕೇಳಿದರೆ ಕೊಡಬೇಡಿ, ಪಶು ಆಸ್ಪತ್ರೆಯ ದಾರಿ ತೋರಿಸಿ.

ಆ ಮಗುವಿಗೆ ಹುಳುಕಡ್ಡಿ ಬಂದದ್ದೆಲ್ಲಿಂದ?

ಮೊದಲು ಹೇಳಿದ ಕುಟುಂಬಕ್ಕೆ ಮರಳುತ್ತೇನೆ. ಬೆಕ್ಕನ್ನು ಬಿಡುವ ಮೊದಲು ಒಮ್ಮೆ ತೋರಿಸಿ ಬನ್ನಿ ಎಂದು ಕಳುಹಿಸಿದೆ. ಪಶುವೈದ್ಯರು ನೇರಳೆ ಬೆಳಕಿನ ದೀಪ ಹಿಡಿದರು, ಕೂದಲು ಕಿತ್ತು ಪರೀಕ್ಷಿಸಿದರು. ಬೂಷ್ಟು ಸಿಗಲಿಲ್ಲ. ಸೊಂಟದಲ್ಲಿ ಮುರಿದ ಕೂದಲು, ಬಾಚಿದರೆ ಚಿಗಟದ ಪುಡಿ. ಬೆಕ್ಕಿಗೆ ಇದ್ದದ್ದು ಚಿಗಟದ ಅಲರ್ಜಿ.

ಹಾಗಾದರೆ ಮಗುವಿಗೆ? ಮನೆಯ ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದೆ. ತಂದೆಗೆ ಎಂಟು ತಿಂಗಳಿನಿಂದ ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳುಕಡ್ಡಿ. ನಾಚಿಕೆಯಿಂದ ಯಾರಿಗೂ ಹೇಳದೆ, ಅಂಗಡಿಯಿಂದ ಸ್ಟೆರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚುತ್ತಿದ್ದರು. ಹಚ್ಚಿದಾಗ ತುರಿಕೆ ತಗ್ಗುತ್ತಿತ್ತು, ಬಿಟ್ಟಾಗ ಇಮ್ಮಡಿಯಾಗುತ್ತಿತ್ತು. ಅವರ ಟವೆಲನ್ನೇ ಮಗು ಬಳಸುತ್ತಿತ್ತು.

ಈಗ ನಮ್ಮ ದೇಶದಲ್ಲಿ ಹರಡಿರುವ ಹಟಮಾರಿ ಹುಳುಕಡ್ಡಿ ಬಹುಪಾಲು ಮನುಷ್ಯರಿಂದ ಮನುಷ್ಯರಿಗೆ ಹಬ್ಬುವಂಥದ್ದು. ಸ್ಟೆರಾಯ್ಡ್ ಟ್ಯೂಬುಗಳ ದುರ್ಬಳಕೆ ಅದನ್ನು ಇನ್ನಷ್ಟು ಬೆಳೆಸಿದೆ. 2018ರಲ್ಲಿ ಕೇಂದ್ರ ಸರಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಜನ ಕೇಳಿ ತರುವುದು ನಿಂತಿಲ್ಲ. ತಂದೆ, ಮಗಳು ಇಬ್ಬರನ್ನೂ ಚರ್ಮವೈದ್ಯರ ಬಳಿಗೆ ಕಳುಹಿಸಿದೆ, ಟವೆಲು ಬೇರೆ ಮಾಡಿಸಿದೆ. ಬೆಕ್ಕು ಮನೆಯಲ್ಲೇ ಉಳಿಯಿತು.

ಇದರಿಂದ ಬೆಕ್ಕು ಯಾವಾಗಲೂ ನಿರಪರಾಧಿ ಎಂದಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ಬೆಕ್ಕೇ ಕಾರಣವಾಗಿರಬಹುದು. ನೋಡದೆ ತೀರ್ಪು ಕೊಡಬೇಡಿ ಎಂಬುದಷ್ಟೇ ನನ್ನ ಮಾತು. ಮಕ್ಕಳ ತಲೆಯಲ್ಲಿ ಬಿಲ್ಲೆಯಾಗಿ ಕೂದಲು ಉದುರಿದ್ದರೆ ಬೆಕ್ಕಿನ ಜೊತೆಗೆ ಬಾಚಣಿಗೆಯನ್ನೂ, ಒಬ್ಬರದನ್ನೊಬ್ಬರು ಹಾಕಿಕೊಳ್ಳುವ ಟೋಪಿಗಳನ್ನೂ ನೋಡಿ. ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು, ನುಂಗುವ ಔಷಧಿ ಬೇಕು. ಮಸೀದಿ, ಮದ್ರಸಾಗಳ ಬಾಗಿಲಲ್ಲಿ ಎಲ್ಲರ ಬಳಕೆಗೆಂದು ಇಡುವ ಟೋಪಿಗಳನ್ನು ಕಮಿಟಿಯವರು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ಒಗೆಸಲಿ. ಮಕ್ಕಳಿಗೆ ಅವರವರದೇ ಟೋಪಿ ಇರಲಿ.

ಮನೆಯಲ್ಲಿ ಮಾಡಬೇಕಾದದ್ದು

ಬೋಳು ಕಂಡ ಕೂಡಲೇ ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿ. ತಾಲ್ಲೂಕಿನ ಪಶು ಆಸ್ಪತ್ರೆ ಹಸು, ಕುರಿಗಳಿಗೆ ಮಾತ್ರ ಇರುವುದಲ್ಲ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಕಾರಣ ತಿಳಿಯುವವರೆಗೆ ಬೆಕ್ಕನ್ನು ಒಂದು ಕೋಣೆಯಲ್ಲಿಡಿ. ಮಕ್ಕಳ ಹಾಸಿಗೆಯಿಂದ, ಜಾನಮಾಝ್‌ನಿಂದ ದೂರವಿಡಿ, ಆದರೆ ಅನ್ನ, ನೀರು, ಪ್ರೀತಿ ತಪ್ಪಿಸಬೇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಹಾಸು ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಜಮಖಾನ ಎತ್ತಿ ಅಡಿಯ ಧೂಳು ತೆಗೆಯಿರಿ. ಚಿಗಟದ ಮದ್ದು ಹಾಕುವುದಾದರೆ ಬೆಕ್ಕಿಗೆಂದೇ ಮಾಡಿದ್ದನ್ನು, ಅದರ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದಷ್ಟು ದಿನ, ಮನೆಯಲ್ಲಿರುವ ಎಲ್ಲ ಬೆಕ್ಕು ನಾಯಿಗಳಿಗೂ ಅವವಕ್ಕೆ ಹೊಂದುವ ಮದ್ದನ್ನು ಹಾಕಿಸಿ. ತುರಿಕೆ, ನೋವಿನಲ್ಲಿರುವ ಬೆಕ್ಕು ಕಚ್ಚಬಹುದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

"ಒಂದು ಬೆಕ್ಕಿಗೆ ಇಷ್ಟೆಲ್ಲ ಖರ್ಚೇ?" ಎಂದು ಕೇಳುವವರಿದ್ದಾರೆ. ಬಡವರ ಮನೆಯಲ್ಲಿ ಈ ಪ್ರಶ್ನೆ ಸುಳ್ಳಲ್ಲ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಅದಕ್ಕೇ ನನ್ನದೊಂದು ಸಲಹೆ. ಪ್ರತಿ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ವಾರದಲ್ಲಿ ನಮ್ಮ ಜಮಾಅತ್ ಕಮಿಟಿಗಳು ಪಶು ಆಸ್ಪತ್ರೆಯವರನ್ನು ಕೇಳಿಕೊಂಡು ಮೊಹಲ್ಲಾದ ಬೆಕ್ಕುಗಳಿಗೆ ಒಂದು ದಿನದ ಶಿಬಿರ ಮಾಡಿಸಲಿ. ಲಸಿಕೆಯೂ ಆಗುತ್ತದೆ, ಚರ್ಮವನ್ನೂ ನೋಡಿದಂತಾಗುತ್ತದೆ. ಹತ್ತು ಮನೆಯವರು ಕೂಡಿದರೆ ಮದ್ದಿನ ಖರ್ಚು ಯಾರಿಗೂ ಭಾರವಾಗದು.

ಬೆಕ್ಕನ್ನು ಸಾಕಲೇಬೇಕೆಂದು ಯಾರಿಗೂ ಕಡ್ಡಾಯವಿಲ್ಲ. ಆದರೆ ಒಮ್ಮೆ ಹಾಲು ಹಾಕಿ ಮನೆಯೊಳಗೆ ಕರೆದುಕೊಂಡ ಮೇಲೆ ಅದು ಅಮಾನತ್. ಅದಕ್ಕೆ ತನ್ನ ತುರಿಕೆಯನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ನೆಕ್ಕಲು ಮಾತ್ರ ಬರುತ್ತದೆ. ನಿಮ್ಮ ಮನೆಯ ಬೆಕ್ಕು ನೆಕ್ಕಿ ನೆಕ್ಕಿ ಬೋಳಾಗಿದ್ದರೆ ಚೀಲ ಹುಡುಕುವ ಮೊದಲು ಬಾಚಣಿಗೆ ಮತ್ತು ಒದ್ದೆ ಕಾಗದ ತೆಗೆದುಕೊಂಡು ಅದರ ಪಕ್ಕದಲ್ಲಿ ಒಂದೈದು ನಿಮಿಷ ಕುಳಿತು ನೋಡಿ.